ಮೊದಲು ಮಗು ಒಳಗೆ ಬರಲಿ, ಕಾಗದ ಆಮೇಲೆ!

ಅಲ್ಲಾ ಸ್ವಾಮಿ, ಶಾಲೆ ಇರೋದು ಮಕ್ಕಳಿಗಾ, ಫೈಲುಗಳಿಗಾ?

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಇಲ್ಲಿನ ಎಷ್ಟೋ ಕಚೇರಿಗಳ ಕಿಟಕಿ ಮುಂದೆ ನಿಂತಿದ್ದೇನೆ, ಬೈದಿದ್ದೇನೆ, ಮರೆತಿದ್ದೇನೆ. ಆದರೆ ಈ ಸಲ ಶಾಲೆ ಶುರುವಾದಾಗ ಒಂದು ಕಿಟಕಿ ಮುಂದೆ ನಿಂತಿದ್ದನ್ನು ಮಾತ್ರ ಮರೆಯೋಕೆ ಆಗ್ತಿಲ್ಲ.

ನಮ್ಮ ಸೊಸೈಟಿ ಪಕ್ಕ ಹೊಸ ಕಟ್ಟಡ ಏಳ್ತಾ ಇದೆ. ಕೆಲಸಕ್ಕೆ ಬಂದವರಲ್ಲಿ ಯಾದಗಿರಿ ಕಡೆಯ ಒಂದು ಸಂಸಾರ. ಎಂಟು ವರ್ಷದ ಹುಡುಗಿ, ಊರಲ್ಲಿ ಎರಡನೇ ಕ್ಲಾಸು ಮುಗಿಸಿದವಳು, ದಿನವಿಡೀ ಮರಳಿನ ರಾಶಿ ಮೇಲೆ ತಮ್ಮನನ್ನು ಆಡಿಸ್ತಾ ಕೂತಿರ್ತಿದ್ದಳು. ಶಾಲೆಗೆ ಯಾಕೆ ಕಳಿಸಿಲ್ಲ ತಂಗೀ ಅಂತ ಅವಳ ತಾಯಿಯನ್ನು ಕೇಳಿದೆ.

"ಮೂರು ಸಲ ಹೋಗಿ ಬಂದೀನ್ರೀ ಅಣ್ಣಾರ. ಊರಿಂದ ಟಿ.ಸಿ. ತಾ ಅಂತಾರ. ಆಧಾರದಾಗ ಹೆಸರು ತಪ್ಪೈತಿ ಅಂತಾರ. ಹೋದಾಗೊಮ್ಮೆ ಒಂದಿನದ ಪಗಾರ ಹೋಗ್ತೈತ್ರೀ."

ಕಿಟಕಿ ತೆರೆಯೋದು ಹತ್ತರಿಂದ ಹನ್ನೆರಡು. ಕೂಲಿ ಮಾಡುವ ತಾಯಿ ಆ ಹೊತ್ತಿಗೆ ಹೇಗೆ ಬರಬೇಕು? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಅಂದರೆ ಹೋಗೋದು ಪಾಠ ಒಂದೇ ಅಲ್ಲ, ಪುಸ್ತಕವೂ ಇಲ್ಲ, ಮಧ್ಯಾಹ್ನದ ಊಟವೂ ಇಲ್ಲ. ಮೂರು ವಾರ ಹೀಗೇ ಕಳೆದಿತ್ತು!

ಕಾನೂನು ಏನು ಹೇಳುತ್ತೆ ನೋಡಿ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 5ನೇ ಕಲಮಿನ ಪ್ರಕಾರ ಮಗು ಬೇರೆ ರಾಜ್ಯದಿಂದ ಬಂದರೂ ಸರ್ಕಾರಿ, ಅನುದಾನಿತ ಶಾಲೆಗೆ ಸೇರಬಹುದು, ಟಿ.ಸಿ. ತಡವಾಯ್ತು ಅಂತ ಪ್ರವೇಶ ತಡಮಾಡುವ ಹಾಗಿಲ್ಲ, ನಿರಾಕರಿಸುವ ಹಾಗೂ ಇಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸಬಾರದು ಅನ್ನುತ್ತೆ 14ನೇ ಕಲಮು. ಆಧಾರ್ ಇಲ್ಲ ಅಂತ ಶಾಲಾ ಪ್ರವೇಶ ತಡೆಯಬಾರದು ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿ ಆಗಿದೆ. ಇನ್ನೇನು ಬೇಕು?

ಇಷ್ಟನ್ನು ಪ್ರಿಂಟ್ ತೆಗೆದುಕೊಂಡು ಆ ತಾಯಿ ಜೊತೆ ನಾನೂ ಹೋದೆ. ಅನುದಾನದಲ್ಲಿ ನಡೆಯುವ ಶಾಲೆ, ಹೆಸರು ಬೇಡ ಬಿಡಿ. ಗುಮಾಸ್ತರು ಕೆಟ್ಟವರಲ್ಲ. "ಕಂಪ್ಯೂಟರ್ ತಗೊಳ್ಳಲ್ಲ ಸಾಹೇಬ್ರೇ, ಮೇಲಿನವರು ನಮ್ಮನ್ನ ಕೇಳ್ತಾರೆ" ಅಂದರು. ಅವರ ಕಷ್ಟ ನನಗೂ ಅರ್ಥ ಆಗುತ್ತೆ. ಆದರೆ ಕಂಪ್ಯೂಟರು ಒಂದು ತಿಂಗಳು ಕಾಯಬಹುದು, ಎಂಟು ವರ್ಷದ ಮಗು ಯಾಕೆ ಕಾಯಬೇಕು? "ಸರಿ, ಸೇರಿಸಿಕೊಳ್ಳಲ್ಲ ಅಂತ ಬರೆದು ಕೊಡಿ" ಅಂದೆ. ಬರೆದು ಕೊಡಲಿಲ್ಲ. ಹತ್ತು ನಿಮಿಷದಲ್ಲಿ ಹುಡುಗಿ ಮೂರನೇ ಕ್ಲಾಸಿನಲ್ಲಿ ಕೂತಿದ್ದಳು.

ಖುಷಿ ಪಡಬೇಕಿತ್ತು, ನನಗೆ ನಾಚಿಕೆಯಾಯ್ತು. ಅಲ್ಲಿ ಕೆಲಸ ಮಾಡಿದ್ದು ಕಾನೂನಲ್ಲ, ನನ್ನ ಇಸ್ತ್ರಿ ಮಾಡಿದ ಅಂಗಿ. ಅದೇ ಕಾನೂನು ಆ ತಾಯಿ ಮೂರು ಸಲ ಹೋದಾಗಲೂ ಇತ್ತಲ್ಲ?

ನಾನು ಕೇಳೋದು ದೊಡ್ಡದೇನಲ್ಲ. ಬೇಕಾದ ದಾಖಲೆಗಳ ಪಟ್ಟಿ ಅಂಟಿಸಿದ ಗೋಡೆ ಮೇಲೆ, ಇವು ಇಲ್ಲದಿದ್ದರೂ ಮಗುವನ್ನು ಸೇರಿಸಿಕೊಳ್ಳುತ್ತೇವೆ ಅಂತ ಒಂದು ಸಾಲು ಬರೆಯಲಿ. ವಾರಕ್ಕೆ ಒಂದು ಸಂಜೆ ಕಿಟಕಿ ತೆರೆದಿರಲಿ. ಖರ್ಚು ಎಷ್ಟಾಗುತ್ತೆ ಇದಕ್ಕೆ?

ಇನ್ನು ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ನವೆಂಬರಿನಲ್ಲಿ ಶಾಲು, ಹಾರ, ಭಾಷಣ ಎಲ್ಲ ಇರಲಿ, ಬೇಡ ಅನ್ನಲ್ಲ. ಜೂನ್‌ನಲ್ಲಿ ಇಂಥ ಕಿಟಕಿಗಳ ಮುಂದೆ ಇಬ್ಬರು ಬಂದು ನಿಲ್ಲಿ. ಫಾರಂ ತುಂಬಿಕೊಡಿ, ಆ ತಾಯಂದಿರ ಪರವಾಗಿ ಎರಡು ಮಾತಾಡಿ. ಮರಳಿನ ರಾಶಿ ಮೇಲೆ ಕೂತ ಮಗು ಆಡೋದೂ ಕನ್ನಡವೇ ಅಲ್ಲವೇ?