ಚಿಕ್ಕೋಡಿಯನ್ನು ಬಿಟ್ಟುಕೊಡಬಲ್ಲಿರಾ?

ಪರ್ಯಾಯ ಇತಿಹಾಸದ ಯುದ್ಧದಾಟ ಎಂದಕೂಡಲೇ ನಮ್ಮ ಭಾಗದ ಹುಡುಗರಿಗೆ ಹೊಳೆಯುವುದು ಒಂದೇ: ಕಿತ್ತೂರು ಗೆಲ್ಲಬೇಕು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬೀಳುತ್ತಾನೆ. ಮದ್ದಿಗೆ ಕಲಬೆರಕೆ ಮಾಡಿದನೆಂದು ಜನರ ಕಥೆ ಹೇಳುವ ದ್ರೋಹಿಯನ್ನು ಆಟಗಾರ ಮೊದಲೇ ಹಿಡಿಯುತ್ತಾನೆ. ಡಿಸೆಂಬರ್‌ನಲ್ಲಿ ಕೋಟೆ ಉಳಿಯುತ್ತದೆ. ಆಮೇಲೆ ಧಾರವಾಡ, ಬೆಳಗಾವಿ, ಪುಣೆ! ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ಕೆಲವು ವಿದ್ಯಾರ್ಥಿಗಳ ಜೊತೆ ಇಂಥದೊಂದು ಆಟದ ಕವಲುಗಳನ್ನು ಕಾಗದದ ಮೇಲೆ ಹೆಣೆಯುತ್ತಿರುವ ನಾನು, ಈ ಕವಲು ಬೇಡವೆಂದು ಹಟ ಹಿಡಿದಿದ್ದೇನೆ.

ಚೆನ್ನಮ್ಮನ ಮೇಲೆ ಗೌರವ ಇಲ್ಲದೆ ಅಲ್ಲ. ಒಬ್ಬ ದ್ರೋಹಿಯನ್ನು ತೆಗೆದರೆ ಎಲ್ಲವೂ ಸರಿಹೋಗುತ್ತದೆ ಎನ್ನುವುದು ಇತಿಹಾಸವೂ ಅಲ್ಲ, ಆಟವೂ ಅಲ್ಲ, ಹರಕೆ. 'ಹಾರ್ಟ್ಸ್ ಆಫ್ ಐರನ್ 4' ಆಡಿದವರಿಗೆ ಗೊತ್ತು: ಅಲ್ಲಿ ಒಂದು ಗುರಿ ಆರಿಸಿಕೊಂಡರೆ ಅದು ಮುಗಿಯಲು ಸಾಮಾನ್ಯವಾಗಿ 70 ದಿನ ಹಿಡಿಯುತ್ತದೆ; ಕೆಲವು ಆಯ್ಕೆಗಳು ಇನ್ನೊಂದು ದಾರಿಯ ಬಾಗಿಲನ್ನೇ ಮುಚ್ಚುತ್ತವೆ. ಏನನ್ನೋ ಕಳೆದುಕೊಳ್ಳದೆ ಸಿಗುವ ಕವಲು ಕವಲೇ ಅಲ್ಲ.

ನಿಜವಾದ ಕವಲು ಆರು ವರ್ಷ ಹಿಂದಿದೆ, ಅದೂ ನಮ್ಮ ಮನೆ ಬಾಗಿಲಲ್ಲೇ. ಚಿಕ್ಕೋಡಿ ಮತ್ತು ಮನೋಳಿಗಾಗಿ, ಅಂದರೆ ಇಂದಿನ ಮುನವಳ್ಳಿಗಾಗಿ, ಕೊಲ್ಲಾಪುರಕ್ಕೂ ನಿಪ್ಪಾಣಿಯ ಸಿದ್ದೋಜಿರಾವ್ ನಿಂಬಾಳಕರನಿಗೂ ಬಹುಕಾಲದ ಜಗಳ. 1812ರಲ್ಲಿ ಇಂಗ್ಲಿಷರು ನಡುವೆ ಬಂದು, ಕೊಲ್ಲಾಪುರದ ರಾಜ ಆ ಎರಡರ ಹಕ್ಕು ಬಿಡುವಂತೆ ಒಪ್ಪಂದ ಮಾಡಿಸಿದರು. 1818ರಲ್ಲಿ ಪೇಶ್ವೆಯ ವಿರುದ್ಧ ನೆರವಾದದ್ದಕ್ಕೆ ಅವೇ ಊರುಗಳನ್ನು ನಿಪ್ಪಾಣಿಯಿಂದ ಕಿತ್ತು ಕೊಲ್ಲಾಪುರಕ್ಕೆ ಕೊಟ್ಟರು. 1827ರಲ್ಲಿ ಅವನ್ನು ತಾವೇ ಇಟ್ಟುಕೊಂಡರು. ಹದಿನೈದು ವರ್ಷಗಳಲ್ಲಿ ಕಂಪನಿ ಒಂದೇ ತುಂಡು ರೊಟ್ಟಿಯನ್ನು ಇಬ್ಬರಿಗೂ ತೋರಿಸಿ, ಕೊನೆಗೆ ತಾನೇ ತಿಂದಿತು.

ಕಿತ್ತೂರು ಆಗ ಎಲ್ಲಿತ್ತು? 1818ರಲ್ಲಿ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ದೇಸಾಯಿ ಅವನ ನೆರವಿಗೆ ನಿಂತಿದ್ದ. ಹಿಂದಿನ ದೇಸಾಯಿ ಮಲ್ಲಸರ್ಜನನ್ನು ಪೇಶ್ವೆ ಸೆರೆಯಲ್ಲಿಟ್ಟಿದ್ದನಲ್ಲ, ಆ ಗಾಯ ಹಸಿಯಾಗಿತ್ತು. ಇದನ್ನು ದ್ರೋಹ ಎನ್ನುವಿರಾ? ಹಾಗಾದರೆ ದ್ರೋಹಿಗಳ ಪಟ್ಟಿ ಎಲ್ಲಿಗೆ ಮುಗಿಯುತ್ತದೆ?

ಆದ್ದರಿಂದ ನನ್ನ ಆಟದ ಮೊದಲ ಪ್ರಶ್ನೆ ಇದು: ನೀವು 1817ರ ನಿಪ್ಪಾಣಿ. ಕೊಲ್ಲಾಪುರವನ್ನು ಕಂಪನಿಯಿಂದ ದೂರ ಇಡಬೇಕಾದರೆ ಚಿಕ್ಕೋಡಿಯನ್ನು ಬಿಟ್ಟುಕೊಡಬೇಕು. ಬಿಟ್ಟುಕೊಡುವಿರಾ? ಕೊಟ್ಟರೆ ಕಂದಾಯ ಹೋಗುತ್ತದೆ, ಸಿಬಂದಿ ಸೈನಿಕರ ಸಂಬಳ ನಿಲ್ಲುತ್ತದೆ, ಕೊಲ್ಲಾಪುರ ಮಾತು ಉಳಿಸಿಕೊಳ್ಳುವ ಖಾತ್ರಿಯೂ ಇಲ್ಲ. ಕೊಡದಿದ್ದರೆ ಏನಾಯಿತೋ ಅದೇ ಆಗುತ್ತದೆ. ಚಿಕ್ಕೋಡಿಯ ಹುಡುಗನೊಬ್ಬ ಇದಕ್ಕೆ ಸಿಟ್ಟಾದ: "ಸರ್, ನಮ್ಮೂರನ್ನ ಕೊಡೂ ಆಟ ಯಾರ್ ಆಡ್ತಾರ್ರೀ?" ಆ ಸಿಟ್ಟೇ ನನಗೆ ಬೇಕಾದದ್ದು. ಇನ್ನೂರು ವರ್ಷ ಹಿಂದಿನ ದೇಸಾಯಿಗೂ ಅದೇ ಸಿಟ್ಟು ಇದ್ದೀತು.

ಇನ್ನೊಂದು ಹಟವೂ ನನಗಿದೆ: ನಕ್ಷೆಯಲ್ಲಿ ಕನ್ನಡಕ್ಕೊಂದು ಬಣ್ಣ, ಮರಾಠಿಗೊಂದು ಬಣ್ಣ ಬಳಿಯಕೂಡದು. 1956ರ ಗಡಿಯನ್ನೂ 1967ರ ಮಹಾಜನ ವರದಿಯನ್ನೂ 1818ರ ತಲೆಗೆ ಕಟ್ಟಿದರೆ ನಿಪ್ಪಾಣಿಯ ಇಕ್ಕಟ್ಟು ಅರ್ಥವೇ ಆಗುವುದಿಲ್ಲ. ಅಂದಿನ ಪಕ್ಷಗಳು ಜಹಗೀರು, ಸನದು, ಹಳೆಯ ಹಗೆಗಳಿಂದ ಆದವು, ಭಾಷೆಯಿಂದ ಅಲ್ಲ. ನಕ್ಷೆಯಲ್ಲಿ ಎದ್ದು ಕಾಣಬೇಕಾದದ್ದು ಕೃಷ್ಣೆ, ದೂಧಗಂಗಾ, ವೇದಗಂಗಾ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕುದುರೆಪಡೆ ದಡದಲ್ಲೇ ನಿಲ್ಲುತ್ತದೆ. ತುಂಬಿದ ಹೊಳೆ ದೋಣಿ ಸಿದ್ಧವಿಟ್ಟುಕೊಂಡವನ ಪಕ್ಷ ಎಂಬುದನ್ನು ವೆಲ್ಲೆಸ್ಲಿ ಅರಿತಿದ್ದ. ನಮ್ಮ ಆಟಗಾರನೂ ಅದನ್ನು ಅರಿಯಲಿ.

"ಇತಿಹಾಸದ ಜೊತೆ ಆಟ ಬೇಡ" ಎನ್ನುವ ಹಿರಿಯರಿಗೂ ಒಂದು ಮಾತು. ನಡೆದದ್ದು ನಡೆಯಲೇಬೇಕಿತ್ತು ಎಂದು ಪಾಠ ಹೇಳುವುದು ಆಟಕ್ಕಿಂತ ದೊಡ್ಡ ಸುಳ್ಳು. ಅಂದಿನವರ ಮುಂದೆ ದಾರಿಗಳಿದ್ದವು. ಪ್ರತಿ ದಾರಿಗೂ ಬೆಲೆಯಿತ್ತು. ಆ ಬೆಲೆಯನ್ನು ಆಟಗಾರನ ಕೈಯಿಂದ ಎಣಿಸಿ ಕೊಡಿಸುವ ಆಟ ಬರಲಿ. ಬಿಟ್ಟಿ ಗೆಲುವು ಕೊಡುವ ಆಟ ಚೆನ್ನಮ್ಮನಿಗೂ ಅವಮಾನ: ಗೆಲುವು ಅಷ್ಟು ಸುಲಭವಿದ್ದರೆ, ಸೋಲಬಹುದೆಂದು ತಿಳಿದೂ ನಿಂತವಳ ದೊಡ್ಡಸ್ತಿಕೆ ಎಲ್ಲಿ ಉಳಿಯಿತು?