ಸರ್ವರ್ ನಿಂತರೆ ಗಡುವೂ ನಿಲ್ಲಲಿ: ಮುಖ್ಯ ಕಾರ್ಯದರ್ಶಿಯವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಯವರಲ್ಲಿ,

ಮಾನ್ಯರೇ,

ಸರ್ಕಾರಿ ಜಾಲತಾಣ ಬೇಕಾದ ದಿನವೇ ಕೈಕೊಟ್ಟಾಗ ಸಿಗುವ ವಿವರಣೆ ಸಾಮಾನ್ಯವಾಗಿ ಒಂದೇ: ಲಕ್ಷಾಂತರ ಜನ ಒಮ್ಮೆಲೇ ಬಂದರು, ಸರ್ವರ್ ತಡೆದುಕೊಳ್ಳಲಿಲ್ಲ. ಜನ ಒಮ್ಮೆಲೇ ಬಂದದ್ದೇಕೆ ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಅರ್ಜಿ ಎಂದು ಶುರು, ಎಂದು ಮುಕ್ತಾಯ, ಇಡೀ ರಾಜ್ಯಕ್ಕೆ ಒಂದೇ ದಿನವೋ ಸರದಿಯ ಪ್ರಕಾರವೋ ಎಂಬುದನ್ನೆಲ್ಲ ಗೊತ್ತು ಮಾಡುವುದು ಸರ್ಕಾರದ ಆದೇಶ. ನೂಕುನುಗ್ಗಲು ಹುಟ್ಟುವುದು ಆ ಆದೇಶದಲ್ಲೇ. ಆದ್ದರಿಂದ ಅದರ ಹೊಣೆಯನ್ನು ತಂತ್ರಜ್ಞರ ತಲೆಗೆ ಕಟ್ಟದೆ, ದಿನಾಂಕಕ್ಕೆ ಸಹಿ ಹಾಕುವವರೇ ಹೊರಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಎರಡೂ ಬಗೆಯ ಅನುಭವ ನಮ್ಮ ರಾಜ್ಯದಲ್ಲೇ ಇದೆ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಸೇವಾಸಿಂಧುವಿನಲ್ಲಿ ಎಲ್ಲರಿಗೂ ಒಟ್ಟಿಗೇ ಶುರುವಾಯಿತು. ಮೊದಲ ದಿನಗಳಲ್ಲೇ ಸರ್ವರ್ ದೂರುಗಳು ಎಲ್ಲೆಡೆ ಕೇಳಿಬಂದವು. ಮರುತಿಂಗಳು ಗೃಹಲಕ್ಷ್ಮಿಯ ಸರದಿ ಬಂದಾಗ, ಪಡಿತರ ಚೀಟಿಯ ಸಂಖ್ಯೆಯನ್ನು ಎಸ್ಸೆಮ್ಮೆಸ್ ಮಾಡಿದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಹೋಗಬೇಕೆಂದು ಉತ್ತರ ಬರುವ ಏರ್ಪಾಡಾಯಿತು. ಅಲ್ಲೂ ತೊಡಕುಗಳಿದ್ದವು, ಸರದಿಯ ನಿಯಮವನ್ನು ಆಮೇಲೆ ಸಡಿಲಿಸಲಾಯಿತು. ಆದರೂ ಹಿಡಿದ ದಾರಿ ಸರಿಯಾದದ್ದೇ. ಒತ್ತಡವನ್ನು ಯಂತ್ರದ ಮೇಲೆ ಬೀಳಲು ಬಿಡದೆ ಕ್ಯಾಲೆಂಡರಿನಲ್ಲೇ ಹಂಚಿದ್ದು ಆಡಳಿತದ ಜಾಣತನ.

ಈಗ ಕ್ಲೌಡ್ ಇದೆಯಲ್ಲ, ಸರ್ವರ್ ಹೆಚ್ಚಿಸಿದರಾಯಿತು ಎನ್ನುವವರಿದ್ದಾರೆ. ಹೆಚ್ಚಿಸಬೇಕು, ನಿಜ, ಅಷ್ಟೇ ಸಾಲದು. ಒಂದು ಅರ್ಜಿ ಪೂರ್ತಿಯಾಗಲು ಆಧಾರ್ ಒಟಿಪಿ ಬರಬೇಕು, ಪಡಿತರದ ದತ್ತಾಂಶವೋ ಎಸ್ಕಾಂ ಗ್ರಾಹಕರ ಪಟ್ಟಿಯೋ ತಾಳೆಯಾಗಬೇಕು. ಮುಂಬಾಗಿಲನ್ನು ಎಷ್ಟು ಅಗಲ ಮಾಡಿದರೂ ಒಳಗಿನ ಕಿರುಬಾಗಿಲು ಹಿಡಿಸುವಷ್ಟೇ ಜನ ದಾಟುತ್ತಾರೆ. ಇಂಥ ದಿನ ಗ್ರಾಮ ಒನ್ ಕೌಂಟರಿನಲ್ಲಿ ಏನಾಗುತ್ತದೆ ನೋಡಿ. ಕೂಲಿ ಬಿಟ್ಟು ಬಂದ ಹೆಂಗಸಿನ ಕೀಪ್ಯಾಡ್ ಫೋನಿಗೆ ಒಟಿಪಿ ಮುಟ್ಟುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಆಪರೇಟರ್ ಮತ್ತೊಮ್ಮೆ ಕಳಿಸುತ್ತಾರೆ, ಪುಟ ಸುತ್ತುತ್ತಲೇ ಇದ್ದರೆ ರಿಫ್ರೆಶ್ ಒತ್ತುತ್ತಾರೆ, ಅದೇ ಅರ್ಜಿಯನ್ನು ಇನ್ನೊಂದು ಟ್ಯಾಬಿನಲ್ಲೂ ತೆರೆಯುತ್ತಾರೆ. ಒಬ್ಬರ ಅರ್ಜಿ ಸರ್ವರಿನ ಪಾಲಿಗೆ ನಾಲ್ಕೈದು ಜನರದ್ದಾಗುತ್ತದೆ. ಸ್ವೀಕೃತಿ ಬರದಿದ್ದರೆ ಆಕೆ ಮರುದಿನ ಪುನಃ ಬರುತ್ತಾಳೆ, ಅರ್ಜಿ ಸೇರಿದೆಯೋ ಇಲ್ಲವೋ ತಿಳಿಯದೆ.

ಈ ಅನಿಶ್ಚಿತತೆಯ ಬೆಲೆ ಏನೆಂದು ಬ್ರಿಟನ್ 2016ರಲ್ಲಿ ಕಂಡಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ ಎಂಬ ಜನಮತಗಣನೆಗೆ ಮತದಾರರ ನೋಂದಣಿಯ ಕೊನೆಯ ರಾತ್ರಿ, ಜೂನ್ 7ರಂದು, ಟಿವಿ ಚರ್ಚೆ ಮುಗಿದದ್ದೇ ಜನ ಜಾಲತಾಣಕ್ಕೆ ಮುಗಿಬಿದ್ದರು. ಮಧ್ಯರಾತ್ರಿಯ ಗಡುವಿಗೆ ಇನ್ನೂ ಹೊತ್ತಿರುವಾಗಲೇ ಅದು ಕುಸಿಯಿತು. ಅಂದು ಅರ್ಜಿ ಹಾಕಿದವರೇ 5 ಲಕ್ಷಕ್ಕೂ ಹೆಚ್ಚು. ಈಗಾಗಲೇ ಪಟ್ಟಿಯಲ್ಲಿದ್ದ ಅನೇಕರು ಮತ್ತೆ ಅರ್ಜಿ ಹಾಕುತ್ತಿದ್ದರು, ತಮ್ಮ ಹೆಸರು ಇದೆಯೇ ಎಂದು ಆನ್‌ಲೈನಿನಲ್ಲಿ ನೋಡಿಕೊಳ್ಳುವ ಸೌಲಭ್ಯವೇ ಇರಲಿಲ್ಲವಾದ್ದರಿಂದ. ಅಮೆರಿಕದಲ್ಲೂ ತಪ್ಪು ಯಂತ್ರದ್ದಷ್ಟೇ ಆಗಿರಲಿಲ್ಲ: 2013ರ ಅಕ್ಟೋಬರ್ 1ರಂದು ತೆರೆದ ಆರೋಗ್ಯ ವಿಮೆಯ ತಾಣದಲ್ಲಿ ವಿಮಾ ಯೋಜನೆಗಳನ್ನು ಹೋಲಿಸಿ ನೋಡುವುದಕ್ಕೂ ಮೊದಲು ಖಾತೆ ತೆರೆಯಬೇಕಿತ್ತು. ಮೊದಲ ದಿನ ವಿಮೆಗೆ ನೋಂದಣಿ ಪೂರೈಸಿದವರು 6 ಮಂದಿ.

ಕೊನೆಯ ಗಳಿಗೆವರೆಗೆ ಕಾಯುವುದು ಜನರ ತಪ್ಪು, ಗಡುವು ಸಡಿಲಿಸಿದರೆ ಶಿಸ್ತು ಹಾಳಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚುನಾವಣೆಯಂಥ ಕೆಲಸಕ್ಕೆ ಗಟ್ಟಿಯಾದ ದಿನಾಂಕ ಬೇಕೇ ಬೇಕು. ಆದರೆ ಕೊನೆಯ ದಿನ ರಾತ್ರಿ 12ರವರೆಗೆ ಅವಕಾಶವಿದೆ ಎಂದು ಬರೆದುಕೊಟ್ಟ ಮೇಲೆ ಆ ರಾತ್ರಿ 11 ಗಂಟೆಗೆ ಬಂದವನು ನಿಯಮ ಮೀರಿಲ್ಲ. ಮೀರಿದ್ದು ಬಾಗಿಲು ಮುಚ್ಚಿಕೊಂಡ ಸರ್ಕಾರ. ಬ್ರಿಟನ್ ಅದನ್ನು ಒಪ್ಪಿತು. ಸಂಸತ್ತಿನಲ್ಲಿ ತರಾತುರಿಯಿಂದ ನಿಯಮ ತಿದ್ದಿ ಜೂನ್ 9ರ ಮಧ್ಯರಾತ್ರಿಯವರೆಗೆ ಅವಕಾಶ ಕೊಟ್ಟಿತು. ಆ ಎರಡು ದಿನಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು, ಮತದಾನ ಮಾತ್ರ ಜೂನ್ 23ಕ್ಕೇ ನಡೆಯಿತು.

ಆ ತರಾತುರಿಗೆ ಇಲ್ಲಿ ಎಡೆಯಿರಬಾರದು. ಗಡುವು ವಿಸ್ತರಣೆ ಇಂದು ಸಚಿವರ ಹೇಳಿಕೆಯಲ್ಲೋ ಮರುದಿನದ ಪತ್ರಿಕೆಯಲ್ಲೋ ಗೊತ್ತಾಗುತ್ತದೆ. ಅಷ್ಟರಲ್ಲಿ ದೂರದ ಊರಿನವರು ಆಸೆ ಬಿಟ್ಟಿರುತ್ತಾರೆ. ಆದ್ದರಿಂದ ಅಧಿಸೂಚನೆಯಲ್ಲೇ ಒಂದು ಸಾಲು ಸೇರಲಿ: ಕೊನೆಯ ಎರಡು ದಿನಗಳಲ್ಲಿ ತಾಣ ಎಷ್ಟು ಹೊತ್ತು ನಿಂತರೂ ಗಡುವು ಎರಡು ಪೂರ್ಣ ದಿನ ತಾನಾಗಿ ಮುಂದೆ ಹೋಗತಕ್ಕದ್ದು. ತಾಣ ಎಷ್ಟು ಜನರ ಭಾರಕ್ಕೆ ಪರೀಕ್ಷೆಯಾಗಿದೆ ಎಂಬ ಅಂಕಿಯ ಕೆಳಗೆ ಇಲಾಖೆಯ ಕಾರ್ಯದರ್ಶಿಯ ಸಹಿ ಇಲ್ಲದೆ ದಿನಾಂಕ ಪ್ರಕಟವಾಗದಿರಲಿ. ಅರ್ಜಿ ಸೇರಿದೆಯೇ ಎಂದು ನೋಡುವ ಪುಟ ಬೇರೆ ಸರ್ವರಿನಲ್ಲಿರಲಿ. ತಾಣ ನಿಂತುಹೋದರೆ ಕಾರಣವನ್ನು ತಿಂಗಳೊಳಗೆ ಕನ್ನಡದಲ್ಲಿ ಪ್ರಕಟಿಸಿ. ಇದಕ್ಕೆ ಹೊಸ ಕಾಯ್ದೆ ಬೇಕೆಂದು ನನಗನ್ನಿಸುವುದಿಲ್ಲ. ರಾಜ್ಯದ ಯೋಜನೆಗಳ ಮಟ್ಟಿಗೆ ತಮ್ಮ ಕಚೇರಿಯಿಂದ ಎಲ್ಲ ಇಲಾಖೆಗಳಿಗೂ ಹೋಗುವ ಒಂದು ಸುತ್ತೋಲೆ ಸಾಕು. ಮುಂದಿನ ಅರ್ಜಿ ಆಹ್ವಾನಕ್ಕೆ ಮುಂಚೆ ಅದನ್ನು ಹೊರಡಿಸಬೇಕೆಂದು ಕೋರುತ್ತೇನೆ.

ಇತಿ,
ರಾಜ್ಯದ ಒಬ್ಬ ನಾಗರಿಕ