ಕಂಟ್ರೋಲ್-ಸಿ ಒತ್ತಿದರೆ ನಿಲ್ಲುವುದು ಯಾವುದು?

‘ಪ್ರೋಗ್ರಾಂ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿ.’ ಕಮಾಂಡ್ ಲೈನ್ ಕುರಿತ ನಮ್ಮ ಪಾಠಯೋಜನೆಗಳಲ್ಲಿ ಈ ಒಂದು ಸಾಲಿಗಿಂತ ಹೆಚ್ಚಿರುವುದಿಲ್ಲ. ಎದುರಿಗಿರುವ ಯಂತ್ರಕ್ಕೆ ಅಷ್ಟು ಸಾಕು. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್ ಬಳಸಿದಾಗ ಮಾತ್ರ ಅದು ಅರ್ಧಸತ್ಯ.

ಆ ಕೀ ಕಳುಹಿಸುವುದು ಒಂದು ಅಕ್ಷರವನ್ನು. ಆಸ್ಕಿ ಪಟ್ಟಿಯಲ್ಲಿ ಅದರ ಸಂಖ್ಯೆ 3. ಸರ್ವರ್‌ಗೆ ಲಾಗಿನ್ ಆಗಿದ್ದರೆ ಅದು ಅಲ್ಲಿಗೆ ತಲುಪುತ್ತದೆ. ಅಲ್ಲಿನ ಟರ್ಮಿನಲ್ ಅದನ್ನು ಸಿಗ್‌ಇಂಟ್ ಎಂಬ ಸಂಕೇತವಾಗಿಸಿ ಪ್ರೋಗ್ರಾಂಗೆ ಮುಟ್ಟಿಸುತ್ತದೆ. ಪೈಥಾನ್ ಆದರೆ ‘ಕೀಬೋರ್ಡ್ ಇಂಟರಪ್ಟ್’ ಎಂದು ತೋರಿಸಿ ನಿಲ್ಲುತ್ತದೆ. ಆದರೆ ಎಸ್‌ಎಸ್‌ಎಚ್ ಸಾಲಿನಲ್ಲೇ ಕಮಾಂಡ್ ಸೇರಿಸಿ ಓಡಿಸಿದರೆ ಸಾಮಾನ್ಯವಾಗಿ ಅಲ್ಲಿ ಟರ್ಮಿನಲ್ ಇರುವುದೇ ಇಲ್ಲ. ಆಗ ನಿಲ್ಲುವುದು ನಮ್ಮ ಕಡೆಯ ಎಸ್‌ಎಸ್‌ಎಚ್; ಅಲ್ಲಿನ ಪ್ರೋಗ್ರಾಂ ಓಡುತ್ತಲೇ ಇರಬಹುದು. ವಿದ್ಯಾರ್ಥಿ ಮತ್ತೆ ಓಡಿಸುತ್ತಾನೆ, ಮತ್ತೆ ‘ನಿಲ್ಲಿಸುತ್ತಾನೆ’. ಹೀಗೆ ನಾಲ್ಕೈದು ಸಲವಾದರೆ ಇಡೀ ತರಗತಿಗೆ ಸರ್ವರ್ ನಿಧಾನವಾದೀತು. ಬೈಗುಳ ಮಾತ್ರ ನೆಟ್‌ವರ್ಕ್‌ಗೆ!

ಎಸ್‌ಎಸ್‌ಎಚ್ ಪಕ್ಕ ‘ಹೈಫನ್ ಟಿ’ ಸೇರಿಸಿದರೆ ಅಲ್ಲೂ ಟರ್ಮಿನಲ್ ಸಿಗುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದುಬಿಡುವುದು ಸುಲಭ. ಅದಕ್ಕೂ ಮೊದಲು ‘ನೀವು ಒತ್ತಿದ್ದು ಯಾವ ಯಂತ್ರಕ್ಕೆ ಹೋಯಿತು?’ ಎಂದು ಕೇಳಬೇಕು. ಇನ್ನೊಂದು ವಿಂಡೋದಲ್ಲಿ ‘ಪಿಎಸ್’ ಕಮಾಂಡ್ ಕೊಟ್ಟು ಉತ್ತರವನ್ನು ಅವರೇ ಹುಡುಕಲಿ. ಇದಕ್ಕೆ ಹತ್ತು ನಿಮಿಷ ಬೇಕು. ವೀಕ್ಷಕರು ‘ಪಾಠ ಮುಗಿಯಲಿಲ್ಲ’ ಎಂದು ಷರಾ ಬರೆದರೂ ಆ ಹತ್ತು ನಿಮಿಷ ಕೊಡಲೇಬೇಕು.